ಬಾಸ್ ಗಿಟಾರಿಗೆ ಕ್ಯಾಪೊ: ಯಾರಾದ್ರೂ ಹಾಕ್ತೀರಾ?

ಕೋಡಿಬಾಗ ಬಾಸ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಲೇಜಿನ ನಾಲ್ಕು ಜನರ ಬ್ಯಾಂಡು. ಗಿಟಾರಿನವ ಮುಕ್ಕಾಲು ಹಾಡಿಗೆ 2ನೇ ಫ್ರೆಟ್ಟಿಗೆ (ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಕ್ಯಾಪೊ (ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸೋ ಕ್ಲಿಪ್ಪು) ಸಿಕ್ಕಿಸ್ತಾನೆ. ಆಮೇಲೆ "ಜಿ, ಸಿ, ಡಿ ಅಷ್ಟೇ, ಬಾರ್ಸು" ಅಂತಾನೆ. ನಾನು ಜಿ ಹಿಡಿದ್ರೆ ಕಿವಿ ಮುಚ್ಚಿಕೊಳ್ಳೋ ಹಾಗೆ ಕೇಳುತ್ತೆ. "ನೀನೂ 2ಕ್ಕೆ ಕ್ಯಾಪೊ ಹಾಕು, ಇಬ್ಬರದ್ದೂ ಒಂದೇ ಆಗ್ತದೆ" ಅಂತ ಅವನ ವಾದ.

ಅವನ ಸ್ಪ್ರಿಂಗ್ ಕ್ಯಾಪೊ ಇಸಕೊಂಡು ನನ್ನ ಬಾಸಿಗೆ ಹಾಕಿ ನೋಡಿದೆ. ಇ ತಂತಿ ಗಟ್ಟಿಯಾಗಿ ಕೂತ್ಕೊಳ್ತದೆ, ಎ ಅಡ್ಡಿಲ್ಲ, ಡಿ ಸುಮಾರು, ಜಿ ಮಾತ್ರ ಝರ್ ಅಂತದೆ. ಕ್ಯಾಪೊ ತಿರುಗಿಸಿ ಆ ಕಡೆಯಿಂದ ಹಾಕಿದ್ರೆ ಜಿ ಸರಿಯಾಗಿ ಇ ಝರ್ ಅಂತದೆ. ಬಾಸಿಗೆ ಅಂತಲೇ ಬೇರೆ ಕ್ಯಾಪೊ ಬರ್ತದಾ? ನಿಮ್ಮಲ್ಲಿ ಯಾರಾದ್ರೂ ಬಳಸ್ತೀರಾ? ನಾಲ್ಕು ತಂತಿ, 34 ಇಂಚಿನ (ತಂತಿ ನುಡಿಯೋ ಉದ್ದ, ಅಂದ್ರೆ ಸ್ಕೇಲ್) ಮಾಮೂಲಿ ಬಾಸ್ ನನ್ನದು.

ಅಂಕೋಲೆ ಆರ್ಕೆಸ್ಟ್ರಾ

ತಮ್ಮಾ, ಕ್ಯಾಪೊ ತೆಗೆದು ಅವನಿಗೇ ವಾಪಸ್ ಕೊಡು.

ಅವನು ಜಿ ಕಾರ್ಡಿನ (ಸ್ವರಗುಚ್ಛದ) ಬೆರಳಿನ ಆಕಾರ ಹಿಡಿದು 2ಕ್ಕೆ ಕ್ಯಾಪೊ ಹಾಕಿದ್ರೆ ಹೊರಗೆ ಬರೋದು ಎ. ಸಿ ಆಕಾರ ಡಿ ಆಗ್ತದೆ, ಡಿ ಆಕಾರ ಇ ಆಗ್ತದೆ. ಈಗ ನಿನ್ನ ಬಾಸಿನ ಓಪನ್ ಸ್ಟ್ರಿಂಗ್ ಎಣಿಸು: ಇ, ಎ, ಡಿ, ಜಿ. ಹಾಡಿಗೆ ಬೇಕಾದ ಮೂರೂ ಸ್ವರ ಎಡಗೈ ಮುಟ್ಟದೇ ಸಿಗ್ತಾವೆ! ಅವನು ಕ್ಯಾಪೊ ಹಾಕಿ ನಿನಗೆ ಉಪಕಾರವೇ ಮಾಡಿದ್ದಾನೆ. ನೀನೂ 2ಕ್ಕೆ ಕ್ಯಾಪೊ ಹಾಕಿದ್ರೆ ನಿನ್ನ ಅತಿ ಕೆಳಗಿನ ಸ್ವರ ಎಫ್ ಶಾರ್ಪ್ ಆಗ್ತದೆ, ಕೆಳಗಿನ ಇ ಹೋಯ್ತು. ಆ ಹಾಡಲ್ಲಿ ಇ ಅಂದ್ರೆ ಮಂದ್ರ ಪಂಚಮ. ಬಾಸಿನವನ ಹತ್ತಿರ ಅದೇ ಇಲ್ಲದಿದ್ರೆ ಇನ್ನೆಂತ ಇದ್ದ ಹಾಗಾಯ್ತು?

ನಾನು ಮದುವೆ, ಗಣಪತಿ ಹಬ್ಬದ ಪೆಂಡಾಲು, ಜಾತ್ರೆ ಎಲ್ಲ ಕಡೆ ಬಾರಿಸಿದವ. ಗಿಟಾರಿನವನ ಎಡಗೈ ನೋಡಿಕೊಂಡು ಬಾಸ್ ಬಾರಿಸಬಾರದು. ಕೀಬೋರ್ಡಿನವನ ಕೈಯನ್ನೂ ನಂಬಬೇಡ, ಅವನ ಹತ್ತಿರ ಟ್ರಾನ್ಸ್‌ಪೋಸ್ ಬಟನ್ ಉಂಟು. ಅವನು ಸಿ ಒತ್ತಿದ್ರೆ ಸ್ಪೀಕರಿನಲ್ಲಿ ಇ ಫ್ಲ್ಯಾಟ್ ಬರಬಹುದು. ಹಾಡೋರ "ಸಾ" ಎಲ್ಲಿದೆ ಅಂತ ಕೇಳು, ಮುಗೀತು.

ಕುಡ್ಲೆ ಗಿಟಾರ್ (ಗೋಕರ್ಣ)

ಹೌದು ಮಾರಾಯ್ರೆ, ಗಿಟಾರಿನವರಿಗೆ ಬೈಯೋದು ಸುಲಭ. 😀 ನಾವು ಕ್ಯಾಪೊ ಹಾಕೋದು ಸೋಮಾರಿತನಕ್ಕಲ್ಲ ಅಂತ ಮಾತ್ರ ಹೇಳ್ತೀನಿ. ಆರು ತಂತಿಯ ಕಾರ್ಡಿನಲ್ಲಿ ಎರಡೋ ಮೂರೋ ತಂತಿ ಓಪನ್ ಆಗಿ ನುಡಿದಾಗ ಬರುವ ತುಂಬು ನಾದ, ಬೆರಳಿಂದ ಪೂರ್ತಿ ಒತ್ತಿ ಹಿಡಿದ ಬಾರ್ ಕಾರ್ಡಿಗೆ ಬರೋದಿಲ್ಲ. ಹಾಡೋರ ಶ್ರುತಿ ಬದಲಾದ್ರೂ ಆ ನಾದ ಉಳೀಬೇಕು, ಅದಕ್ಕೆ ಕ್ಯಾಪೊ. ಬಾಸಿನಲ್ಲಿ ಒಂದು ಸಲಕ್ಕೆ ಒಂದೇ ಸ್ವರ, ಹಾಗಾಗಿ ಆ ಗರಜು ಇಲ್ಲ.

ಆದ್ರೆ ಕೋಡಿಬಾಗದವರ ಗಿಟಾರಿಸ್ಟು ಒಂದು ತಪ್ಪು ಮಾಡ್ತಿದ್ದಾನೆ. ಕ್ಯಾಪೊ ಹಾಕಿದ ಮೇಲೆ ಬಾಸಿನವರಿಗೂ ಕೀಬೋರ್ಡಿನವರಿಗೂ ಹೇಳಬೇಕಾದ್ದು ಹೊರಗೆ ಕೇಳುವ ಸ್ವರ. ತಾನು ಹಿಡಿದ ಆಕಾರದ ಹೆಸರು ಅವನ ಸ್ವಂತಕ್ಕೆ ಇಟ್ಕೊಳ್ಳಲಿ.

ಅಂಕೋಲೆ ಆರ್ಕೆಸ್ಟ್ರಾ

ಅದನ್ನೇ ನಾನು ಹೇಳಿದ್ದು, ನೀವು ಚೆಂದ ಮಾಡಿ ಹೇಳಿದ್ರಿ.

ಇನ್ನೊಂದು ಸೇರಿಸ್ತೆ. ಬಾಸಿನ ತಂತಿಗಳ ನಡುವೆ ಎಲ್ಲ ಕಡೆ ಅಂತರ ಒಂದೇ: ಒಂದು ತಂತಿಯಿಂದ ಮುಂದಿನ ತೆಳು ತಂತಿಗೆ ಶುದ್ಧ ಮಧ್ಯಮ. ಎ ಸ್ಟ್ರಿಂಗಿನಲ್ಲಿ ಯಾವ ಫ್ರೆಟ್ಟಿನಲ್ಲಾದ್ರೂ "ಸಾ" ಇಟ್ಟುಕೋ. ಅದೇ ಫ್ರೆಟ್ಟಿನಲ್ಲಿ ಡಿ ಸ್ಟ್ರಿಂಗ್ ಒತ್ತಿದ್ರೆ "ಮಾ". ಅದೇ ಫ್ರೆಟ್ಟಿನಲ್ಲಿ ಇ ಸ್ಟ್ರಿಂಗ್ ಒತ್ತಿದ್ರೆ ಕೆಳಗಿನ "ಪಾ". ಅರ್ಧ ಸಿನೆಮಾ ಹಾಡು ಇಷ್ಟರಲ್ಲೇ ಮುಗೀತದೆ. ಶ್ರುತಿ ಅರ್ಧ ಸ್ವರ ಏರಿದ್ರೆ ಕೈ ಒಂದು ಫ್ರೆಟ್ ಮುಂದೆ ಹೋಗ್ತದೆ, ಆಕಾರ ಹಾಗೇ ಇರ್ತದೆ. ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ಮಧ್ಯೆ ಅಂತರ ಬದಲಾಗ್ತದೆ, ಅದಕ್ಕೇ ಅಲ್ಲಿ ಈ ಆಟ ಇಷ್ಟು ಸಲೀಸಾಗಿ ನಡೆಯೋದಿಲ್ಲ.

ಕುಮಟಾ ರಿಪೇರಿ

ಬಳಸಬೇಕೋ ಬೇಡವೋ ಅನ್ನೋದು ಆಮೇಲೆ. ಜಿ ಯಾಕೆ ಝರ್ ಅಂತು ಅನ್ನೋದಕ್ಕೆ ಯಾರೂ ಉತ್ತರ ಕೊಡ್ಲಿಲ್ಲವಲ್ಲ.

ಮಾಮೂಲಿ ಬಾಸ್ ಸೆಟ್ಟಿನಲ್ಲಿ ಜಿ ತಂತಿ ಸುಮಾರು 1.1 ಮಿ.ಮೀ. ದಪ್ಪ, ಇ ತಂತಿ 2.6 ಮಿ.ಮೀ. ಹತ್ತಿರ. ಎಲೆಕ್ಟ್ರಿಕ್ ಗಿಟಾರಿನ ಅತಿ ದಪ್ಪ ತಂತಿ ಎಷ್ಟೋ, ಬಾಸಿನ ಅತಿ ತೆಳು ತಂತಿ ಹೆಚ್ಚುಕಮ್ಮಿ ಅಷ್ಟು. ಕ್ಯಾಪೊದ ರಬ್ಬರ್ ಪಟ್ಟಿ ಮೊದಲು ತಾಗೋದು ಇ ತಂತಿಗೆ. ಅಲ್ಲೇ ನಿಂತು ಬಿಡ್ತದೆ. ಜಿ ಮೇಲೆ ಒಂದೂವರೆ ಮಿ.ಮೀ. ಖಾಲಿ. ಗಿಟಾರಿನ ಕ್ಯಾಪೊದ ತೆಳು ರಬ್ಬರ್ ಅಷ್ಟು ಅಂತರ ತುಂಬೋದಿಲ್ಲ.

ಜೊತೆಗೆ ಎಳೆತ. ಗಿಟಾರಿನ 10ರ ಸೆಟ್ಟಿನಲ್ಲಿ (ಅತಿ ತೆಳು ತಂತಿ 0.010 ಇಂಚಿನದ್ದು) ಒಂದೊಂದು ತಂತಿಗೆ 7–8 ಕೆ.ಜಿ. ಎಳೆತ ಇರ್ತದೆ. ಬಾಸಿನಲ್ಲಿ ಒಂದೊಂದಕ್ಕೆ 18–20 ಕೆ.ಜಿ. ಗಿಟಾರಿಗೆ ಅಂತ ಮಾಡಿದ ಸ್ಪ್ರಿಂಗಿಗೆ ಅದನ್ನ ಒತ್ತಿ ಹಿಡಿಯೋ ತಾಕತ್ತಿಲ್ಲ.

ಮಾಡಬೇಕಾದ್ದು: ಸ್ಪ್ರಿಂಗಿನದ್ದು ಬಿಟ್ಟು ಸ್ಕ್ರೂ ತಿರುಪಿ ಬಿಗಿ ಮಾಡುವ ಕ್ಯಾಪೊ ತಗೋ. ಬಾಸ್ ಕ್ಯಾಪೊ ಅಂತಲೇ ಸಿಕ್ಕಿದ್ರೆ ಸರಿ, ಇಲ್ಲದಿದ್ರೆ 12 ತಂತಿಯ ಗಿಟಾರಿಗೆ ಬರುವಂಥದ್ದು. ಸೈಕಲ್ ಟ್ಯೂಬಿನ ತುಂಡೊಂದನ್ನ ಜಿ ಮತ್ತು ಡಿ ತಂತಿಯ ಮೇಲೆ ಬರೋ ಹಾಗೆ ಕ್ಯಾಪೊದ ರಬ್ಬರಿಗೆ ಅಂಟಿಸು. ಒಂದು ಪದರ ಸಾಲದಿದ್ರೆ ಜಿ ಮೇಲೆ ಮಾತ್ರ ಇನ್ನೊಂದು. ಕ್ಯಾಪೊ ಫ್ರೆಟ್ಟಿನ ಬೆನ್ನಿಗೇ ತಾಗಿ ಕೂರಬೇಕು, ಎರಡು ಫ್ರೆಟ್ಟಿನ ನಟ್ಟನಡುವೆ ಇಟ್ರೆ ದಪ್ಪ ತಂತಿ ಬಗ್ಗಿ ಸ್ವರ ಏರ್ತದೆ. ಬಿಗಿ ಮಾಡಿ ಆದ ಮೇಲೆ ಟ್ಯೂನರ್ ಹಚ್ಚಿ ಮತ್ತೆ ಶ್ರುತಿ ಮಾಡ್ಲೇಬೇಕು. ಝರ್ ನಿಲ್ಲೋವರೆಗೆ ಮಾತ್ರ ಬಿಗಿ, ಅದಕ್ಕಿಂತ ಒಂದು ಸುತ್ತೂ ಜಾಸ್ತಿ ಬೇಡ.

ಕೋಡಿಬಾಗ ಬಾಸ್

ಎಲ್ಲರಿಗೂ ಧನ್ಯವಾದ. ಎ-ಡಿ-ಇ ಓಪನ್ ಲೆಕ್ಕ ಇವತ್ತೇ ಪ್ರ್ಯಾಕ್ಟೀಸಿಗೆ ಒಯ್ತೆ.

ಆದ್ರೆ ಅಂಕೋಲೆ ಅಣ್ಣ, ಒಂದು ಸಂಶಯ. ನಮ್ಮ ಸ್ವಂತ ಹಾಡೊಂದಿದೆ, ಇ ಮೈನರ್. ಅದರ ರಿಫ್ (ಮತ್ತೆ ಮತ್ತೆ ಬರೋ ಸಣ್ಣ ನಡೆ) ಪೂರ್ತಿ ಓಪನ್ ಇ ಮೇಲೆ: ಓಪನ್ ಹೊಡೆದು 3ನೇ ಫ್ರೆಟ್ಟಿಗೆ ಹ್ಯಾಮರ್ (ಎಡಗೈ ಬೆರಳು ಬಡಿದೇ ನುಡಿಸೋದು), ಅಲ್ಲಿಂದ ಪುಲ್-ಆಫ್ (ಅದೇ ಬೆರಳು ಎಳೆದು ಬಿಡೋದು) ಮಾಡಿ ಮತ್ತೆ ಓಪನ್, ಜೋರು ಸ್ಪೀಡು. ಹಾಡುವವಳು ಎಫ್ ಶಾರ್ಪಿಗೆ ಏರಿಸಿ ಅಂತಾಳೆ. ತೋರುಬೆರಳು 2ರಲ್ಲಿ ಒತ್ತಿ ಹಿಡಿದು ಕಿರುಬೆರಳಲ್ಲಿ 5ಕ್ಕೆ ಹೊಡೀಬೇಕು. ಎರಡು ಸಾಲು ಬಾರಿಸೋದ್ರಲ್ಲಿ ಕೈ ಮರಗಟ್ತದೆ. ಇಲ್ಲಾದ್ರೂ ಕ್ಯಾಪೊ ಹಾಕಬಹುದಾ?

ಕುಮಟಾ ರಿಪೇರಿ

34 ಇಂಚಿನ ಬಾಸಿನಲ್ಲಿ 2ನೇ ಫ್ರೆಟ್ಟಿಂದ 5ನೇ ಫ್ರೆಟ್ಟಿಗೆ 12 ಸೆಂ.ಮೀ. ಚಿಲ್ಲರೆ. ಮರಗಟ್ಟದೇ ಇನ್ನೇನು. ಹಾಕು. ಬೇಕಾಗಿರೋದು ಇ ತಂತಿ ಒಂದೇ ಆದ್ರೆ ನಿನ್ನ ಸ್ಪ್ರಿಂಗ್ ಕ್ಯಾಪೊವೇ ನಡೀತದೆ, ಜಿ ಮುಟ್ಟೋದೇ ಇಲ್ವಲ್ಲ.

ಅಂಕೋಲೆ ಆರ್ಕೆಸ್ಟ್ರಾ

ಇದಕ್ಕೆ ನನ್ನದು ಅಡ್ಡಿಲ್ಲ. ರಿಫ್ ಓಪನ್ ತಂತಿಯ ಮೇಲೇ ನಿಂತಿದ್ರೆ ಬೇರೆ ದಾರಿ ಇಲ್ಲ. ಸ್ಲ್ಯಾಪ್ ಮಾಡುವವರೂ (ಹೆಬ್ಬೆರಳಲ್ಲಿ ತಂತಿಗೆ ಬಡಿದು ಬಾರಿಸುವವರು) ಇದೇ ಕಾರಣಕ್ಕೆ ಹಾಕ್ತಾರೆ. ಆದ್ರೆ ಹಾಡು ಮುಗಿದ ಕೂಡಲೇ ತೆಗೆದಿಡು. ಮರೆತು ಮುಂದಿನ ಹಾಡಿಗೆ ಕೈ ಹಾಕಿದ್ರೆ ಮರ್ಯಾದೆ ಹೋಗ್ತದೆ.

ಬಿಳಿ ಐದು (ಶಿರಸಿ)

ತಡವಾಗಿ ಬಂದೆ. ನಾನು ಹಾರ್ಮೋನಿಯಂ ಬಾರಿಸುವವ, ಮಗ ಬಾಸ್ ಬಾರಿಸ್ತ. ನಮ್ಮ ಭಜನಾ ಮಂಡಳಿಯಲ್ಲಿ ಬಾಸಿಗೆ ಕ್ಯಾಪೊ ಖಾಯಂ ಇದೆ, ಹಾಗಾಗಿ "ವಾಪಸ್ ಕೊಡು" ಅನ್ನೋ ಮಾತಿಗೆ ನನ್ನ ತಕರಾರಿದೆ.

ನಮ್ಮಲ್ಲಿ ಹಾಡೋರ ಶ್ರುತಿ ಹಾರ್ಮೋನಿಯಮ್ಮಿನ ಕಪ್ಪು ಒಂದು, ಅಂದ್ರೆ ಸಿ ಶಾರ್ಪ್. ಬಾಸಿಗೆ 4ನೇ ಫ್ರೆಟ್ಟಿನಲ್ಲಿ ಕ್ಯಾಪೊ ಹಾಕಿದ್ರೆ ಎ ತಂತಿ ಸಿ ಶಾರ್ಪ್ ಆಗ್ತದೆ, ಇ ತಂತಿ ಜಿ ಶಾರ್ಪ್ ಆಗ್ತದೆ. ಓಪನ್ ತಂತಿಯಲ್ಲೇ ಷಡ್ಜ, ಅದರ ಕೆಳಗೆ ಮಂದ್ರ ಪಂಚಮ. ಡಿ ತಂತಿ ಓಪನ್ನಿನಲ್ಲಿ ಶುದ್ಧ ಮಧ್ಯಮ. ವಿಳಂಬದ ಭಜನೆಗೆ ಮಗ ಹೆಬ್ಬೆರಳಲ್ಲಿ ಪಾ-ಸಾ ಸಾವಕಾಶ ಮೀಟ್ತಾ ಕೂರ್ತ, ತಂಬೂರಿಯ ಕೆಲಸ ಅರ್ಧ ಅದರಲ್ಲೇ ಆಗ್ತು. ಎಡಗೈ ಪೂರ್ತಿ ಬಿಡುವಾಗಿ ಇರ್ತು. ಜಿ ತಂತಿಯಲ್ಲಿ ಹಾಡಿನ ನಡೆ ಸಣ್ಣದಾಗಿ ನುಡಿಸ್ತ, ಕೆಳಗೆ ಸಾ ನುಡೀತಾನೇ ಇರ್ತು. ಇದನ್ನ ಒತ್ತಿದ ಬೆರಳಲ್ಲಿ ಮಾಡಿ ತೋರಿಸಿ ನೋಡುವಾ.

ಅಂಕೋಲೆ ಆರ್ಕೆಸ್ಟ್ರಾ

ಭಟ್ರೋ ಹೆಗಡೇರೋ ಗೊತ್ತಿಲ್ಲ, ಹಿರಿಯರೇ ಇರಬೇಕು, ನಮಸ್ಕಾರ. 🙏 ಅದಕ್ಕೂ ಕ್ಯಾಪೊ ಬೇಡ. ಇ ತಂತಿಯನ್ನ ಸಿ ಶಾರ್ಪಿಗೆ ಇಳಿಸಿ, ಎ ತಂತಿಯನ್ನ ಜಿ ಶಾರ್ಪಿಗೆ ಅರ್ಧ ಸ್ವರ ಇಳಿಸಿ. ಓಪನ್ನಿನಲ್ಲೇ ಸಾ, ಅದರ ಮೇಲೆ ಪಾ. ಅದೂ ಎಷ್ಟು ಕೆಳಗಿನ ಸಾ! ಬಾಸ್ ಇರೋದೇ ಕೆಳಗೆ ಹೋಗೋದಕ್ಕೆ. ಮೇಲೆ ಹತ್ತಿಸೋದು ನನಗೆ ಒಪ್ಪೋದಿಲ್ಲ.

ಬಿಳಿ ಐದು (ಶಿರಸಿ)

ನಮಸ್ಕಾರ. ಅದನ್ನೂ ಮಾಡಿ ನೋಡಿದ್ದೇ. ಮನೆಯಲ್ಲಿ ಬಾಸ್ ಆ್ಯಂಪಿಗೆ ಹಾಕಿದ್ರೆ ಭಾರಿ ಚೆಂದ, ಮಂಚ ನಡುಗ್ತು. ದೇವಸ್ಥಾನದ ಸಭಾಭವನದಲ್ಲಿ ಏನೂ ಕೇಳಿಸ್ತಿಲ್ಲೆ.

ಲೆಕ್ಕ ಹಾಕಿ. ಇ ತಂತಿಯ ಮಾಮೂಲಿ ಶ್ರುತಿ 41 ಹರ್ಟ್ಸ್. ಸಿ ಶಾರ್ಪಿಗೆ ಇಳಿಸಿದ್ರೆ 35ರ ಒಳಗೆ ಬರ್ತು. ಮೈಕ್ ಸೆಟ್ಟಿನವರು ಗೋಡೆಗೆ ನೇತುಹಾಕೋ ಕಾಲಂ ಸ್ಪೀಕರ್ ಅದನ್ನ ಎಲ್ಲಿಂದ ಹೊರಡಿಸ್ತು? ಕೇಳಿಸೋದು ಅದರ ಮೇಲಿನ ಉಪಸ್ವರ ಮಾತ್ರ. ಜೊತೆಗೆ ಮೂರು ಅರ್ಧಸ್ವರ ಇಳಿಸಿದ ತಂತಿಯಲ್ಲಿ ಎಳೆತ 30% ಕಡಿಮೆ ಆಗ್ತು, ಸಡಿಲ ಆಗಿ ಫ್ರೆಟ್ಟಿಗೆ ಬಡೀತು. ಕ್ಯಾಪೊ ಹಾಕಿದ ನಮ್ಮ ಸಾ 69 ಹರ್ಟ್ಸ್, ಪಾ 52. ಅದೇ ಕಾಲಮ್ಮಿನಲ್ಲಿ ಸಾ ಸುಮಾರಾಗಿ ಕೇಳ್ತು, ಹಾರ್ಮೋನಿಯಮ್ಮಿನ ಕೆಳಗೆ ಸರಿಯಾಗಿ ಕೂರ್ತು. ದೊಡ್ಡ ಸಬ್‌ವೂಫರ್ ಇಟ್ಟ ಆರ್ಕೆಸ್ಟ್ರಾಕ್ಕೆ ನಿಮ್ಮ ಮಾತು ಸರಿ. ನಮ್ಮಲ್ಲಿ ಅದೆಲ್ಲ ಇಲ್ಲೆ.

ಅಂಕೋಲೆ ಆರ್ಕೆಸ್ಟ್ರಾ

ಮೈಕ್ ಸೆಟ್ಟಿನ ಮಾತು ಒಪ್ಪಿದೆ. ಕ್ಯಾಪೊದ್ದು ಇನ್ನೂ ಒಪ್ಪಿಲ್ಲ. ಕಪ್ಪು ನಾಲ್ಕರಲ್ಲಿ ಹಾಡೋರು ಬಂದ್ರೆ ಏನು ಮಾಡ್ತೀರಿ, 11ನೇ ಫ್ರೆಟ್ಟಿಗೆ ಹಾಕ್ತೀರಾ?

ಬಿಳಿ ಐದು (ಶಿರಸಿ)

ಅವತ್ತು ಕ್ಯಾಪೊ ಪೆಟ್ಟಿಗೆಯಲ್ಲಿ. ನಾಲ್ಕೂ ತಂತಿ ಅರ್ಧ ಸ್ವರ ಇಳಿಸಿದ್ರೆ ಎ ತಂತಿ ಜಿ ಶಾರ್ಪ್ ಆಗ್ತು, ಅದೇ ಕಪ್ಪು ನಾಲ್ಕು. ಇ ತಂತಿ ಡಿ ಶಾರ್ಪ್, ಅದರ ಪಂಚಮ. ಯಾವ ಶ್ರುತಿಗೆ ಇಳಿಸೋದು, ಯಾವ ಶ್ರುತಿಗೆ ಕ್ಯಾಪೊ ಅಂತ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿ ಬರೆದು ಅಂಟಿಸಿದ್ದೇ.

ತದಡಿ

ನಾನು ಇಲ್ಲಿ ಬರೆಯೋದು ಕಡಿಮೆ. ಆದ್ರೆ ಕ್ಯಾಪೊ ವಿಷಯ ಬಂತು ಅಂತ ಬರೀತಿದ್ದೇನೆ. ನನ್ನ ಕೈ ಸಣ್ಣದು. 34 ಇಂಚಿನ ಬಾಸಿನಲ್ಲಿ ಮೊದಲ ಫ್ರೆಟ್ಟಿನ ಮನೆಯೇ ಸುಮಾರು 48 ಮಿ.ಮೀ. ಅಗಲ, ಒಂದರಿಂದ ನಾಲ್ಕಕ್ಕೆ ಬೆರಳು ಎಟುಕೋದಿಲ್ಲ. ಸಣ್ಣ ಸ್ಕೇಲಿನ ಬಾಸ್ ಕೊಳ್ಳೋಣ ಅಂದ್ರೆ ನಮ್ಮ ಕಡೆ ಅಂಗಡಿಯಲ್ಲಿ ನೋಡಲಿಕ್ಕೇ ಸಿಗೋದಿಲ್ಲ.

ಹಾಗಾಗಿ ನಾಲ್ಕೂ ತಂತಿ ಒಂದೊಂದು ಪೂರ್ಣ ಸ್ವರ ಇಳಿಸಿದೆ: ಡಿ, ಜಿ, ಸಿ, ಎಫ್. ಆಮೇಲೆ 2ನೇ ಫ್ರೆಟ್ಟಿಗೆ ಕ್ಯಾಪೊ. ಮತ್ತೆ ಇ, ಎ, ಡಿ, ಜಿ ಬಂತು. ಸ್ವರ ಒಂದೂ ಕಳಕೊಳ್ಳಲಿಲ್ಲ. ಕ್ಯಾಪೊದಿಂದ ಬ್ರಿಜ್ಜಿಗೆ (ಬಾಸಿನ ಮೈ ಮೇಲೆ ತಂತಿ ಕೂರೋ ಕಡೆ) ಅಳತೆ ಮಾಡಿದ್ರೆ 30 ಇಂಚಿನ ಮೇಲೆ ಸ್ವಲ್ಪ. ಅಂದ್ರೆ ಶಾರ್ಟ್ ಸ್ಕೇಲ್ ಬಾಸಿನಷ್ಟೇ. ತಂತಿಯ ಎಳೆತವೂ ಐದರಲ್ಲಿ ಒಂದು ಪಾಲು ಕಡಿಮೆ, ಬೆರಳ ತುದಿ ಉರಿಯೋದಿಲ್ಲ.

ಫ್ರೆಟ್ ಗುರುತಿಸೋಕೆ ಬೋರ್ಡಿನ ಮೇಲಿರೋ ಚುಕ್ಕಿಗಳು ಗೊಂದಲ ಮಾಡ್ತವೆ ಅಂತ ಹೆದರಿದ್ದೆ. ಕ್ಯಾಪೊ 2ರಲ್ಲಿ ಇದ್ರೆ 3, 5, 7 ಅಂತ ಹುಡುಕುವ ಫ್ರೆಟ್ಟು ಬೋರ್ಡಿನ 5, 7, 9ರ ಚುಕ್ಕಿಯ ಮೇಲೇ ಬೀಳ್ತದೆ! ಮೇಲೆ ಹೋದಾಗ ಮಾತ್ರ ತಪ್ಪುತ್ತದೆ, 12ನೆಯದು 14ರಲ್ಲಿ ಇರ್ತದೆ, ಅಲ್ಲಿ ಚುಕ್ಕಿ ಇಲ್ಲ. ಬಿಳಿ ವೈಟ್ನರ್‌ನಲ್ಲಿ ಬದಿಗೆ ಒಂದು ಚುಕ್ಕಿ ಇಟ್ಟುಕೊಂಡೆ.

ಕುಮಟಾ ರಿಪೇರಿ

ತದಡಿಯವರೇ, ಈ ಚರ್ಚೆಯಲ್ಲಿ ಬಂದ ಒಳ್ಳೆ ಉಪಾಯ ಇದೇ. ಎಳೆತ ಕಡಿಮೆ ಆದ್ರೆ ಬಾಸಿನ ಕುತ್ತಿಗೆ ಸ್ವಲ್ಪ ಹಿಂದಕ್ಕೆ ಬಗ್ಗಿ ತಂತಿ ಫ್ರೆಟ್ಟಿಗೆ ಹತ್ತಿರ ಬರ್ತದೆ. ಝರ್ ಶುರುವಾದ್ರೆ ಟ್ರಸ್ ರಾಡ್ (ಕುತ್ತಿಗೆಯ ಒಳಗೆ ಅದನ್ನ ನೇರ ಹಿಡಿಯೋ ಲೋಹದ ಸರಳು) ಸಣ್ಣದಾಗಿ ಸಡಿಲ ಮಾಡಿ, ಇಲ್ಲವೇ ಒಂದು ಅಳತೆ ದಪ್ಪದ ಸೆಟ್ ಹಾಕಿ.

ಅದೇ ಮಾತಿಗೆ ಬರ್ತೆ. ಕ್ಯಾಪೊ ಬೇಡ ಅನ್ನುವವರ ಬ್ಯಾಗಿನಲ್ಲೂ ಒಂದು ಕ್ಯಾಪೊ ಇರಬೇಕು, ಬಾರಿಸೋಕಲ್ಲ, ಕುತ್ತಿಗೆ ನೋಡೋಕೆ. ನಮ್ಮ ಕರಾವಳಿಯಲ್ಲಿ ಜೂನ್ ಬಂತು ಅಂದ್ರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ತದೆ, ಬಾಸಿನ ಕುತ್ತಿಗೆಯೂ ಮರವೇ. ಒಂದೊಂದು ಮರ ಒಂದೊಂದು ಕಡೆ ಸರೀತದೆ, ಇಂಥದೇ ಕಡೆ ಅಂತ ಹೇಳೋಕೆ ಬರೋದಿಲ್ಲ. ಮಳೆಗಾಲದಲ್ಲಿ ಒಮ್ಮೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಒಮ್ಮೆ ನೋಡಬೇಕು.

ಮೊದಲು ಮಾಮೂಲಿ ಶ್ರುತಿಗೆ ತನ್ನಿ. ಕ್ಯಾಪೊ 1ನೇ ಫ್ರೆಟ್ಟಿಗೆ ಹಾಕಿ. ಬಲಗೈಯಲ್ಲಿ ಇ ತಂತಿಯನ್ನ ಕೊನೆಯ ಫ್ರೆಟ್ಟಿಗೆ ಒತ್ತಿ. ಈಗ ತಂತಿಯೇ ನೇರ ಸ್ಕೇಲು. 7–8ನೇ ಫ್ರೆಟ್ಟಿನ ತಲೆಗೂ ತಂತಿಯ ಹೊಟ್ಟೆಗೂ ಮಧ್ಯೆ ಎಷ್ಟು ಸಂದು ಇದೆ ನೋಡಿ. 0.3 ಮಿ.ಮೀ. ಆಸುಪಾಸು ಇರಬೇಕು. ಫೀಲರ್ ಗೇಜ್ ಗ್ಯಾರೇಜಿನವರ ಹತ್ತಿರ ಇರ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಬಳಸೋದು ಅದೇ. ಸಂದು ಜಾಸ್ತಿ ಇದ್ರೆ ಟ್ರಸ್ ರಾಡ್ ಬಿಗಿ, ಸಂದೇ ಇಲ್ಲದಿದ್ರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗದೇ ಕಚ್ಚಿಕೊಂಡಿದ್ರೆ ಬಲ ಹಾಕಬೇಡಿ, ತಿಳಿದವರ ಹತ್ತಿರ ಒಯ್ಯಿರಿ. ರಾಡ್ ತುಂಡಾದ ಬಾಸುಗಳು ನನ್ನ ಹತ್ತಿರ ಬಂದಿವೆ, ರಿಪೇರಿ ಖರ್ಚಿಗೆ ಹೊಸ ಕುತ್ತಿಗೆಯೇ ಬರ್ತದೆ.

ತಂತಿ ಬದಲಿಸುವಾಗಲೂ ಕ್ಯಾಪೊ ಮೂರನೇ ಕೈ. ಬ್ರಿಜ್ಜಿಗೆ ಸಿಕ್ಕಿಸಿದ ಹೊಸ ತಂತಿಯನ್ನ ಕ್ಯಾಪೊದಲ್ಲಿ ಹಿಡಿಸಿಟ್ಟು ಆರಾಮಾಗಿ ಕೀಲಿಗೆ ಸುತ್ತಬಹುದು. ಇಲ್ಲಿ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡೀತದೆ, ಬದಲಿಸೋ ಕೆಲಸ ಬರ್ತಾನೇ ಇರ್ತದೆ.

ಕುಡ್ಲೆ ಗಿಟಾರ್ (ಗೋಕರ್ಣ)

ಫ್ರೆಟ್‌ಲೆಸ್ ಬಾಸಿಗೆ ಹಾಕಬಹುದಾ? ಕೆಫೆಗೆ ಬರುವವರೊಬ್ಬರ ಹತ್ತಿರ ಇದೆ, ಕೇಳ್ತಾ ಇದ್ರು.

ಕುಮಟಾ ರಿಪೇರಿ

ಹಾಕಿದ್ರೆ ಕೂರ್ತದೆ. ಆದ್ರೆ ಕೆಳಗೆ ಲೋಹದ ಫ್ರೆಟ್ ಇಲ್ಲ, ರಬ್ಬರೇ ತಂತಿಯ ಅಂಚು. ಸ್ವರ ಮಂಕಾಗಿ ಬೇಗ ಸಾಯ್ತದೆ, ಶ್ರುತಿಗೆ ಕೂರಿಸೋಕೂ ಕೂದಲೆಳೆ ಲೆಕ್ಕದಲ್ಲಿ ಜರುಗಿಸಬೇಕು. ಬೋರ್ಡಿನ ಪಾಲಿಶಿಗೂ ಕಲೆ ಬೀಳ್ತದೆ. ಬೇಡ ಅನ್ನಿ.

ನಿರ್ವಾಹಕ

ಮಧ್ಯೆ ಬಂದು "ಹಳೇ ಆ್ಯಂಪ್ ಮಾರಾಟಕ್ಕಿದೆ" ಅಂತ ಹಾಕಿದ ಎರಡು ಸಂದೇಶ ತೆಗೆದಿದ್ದೇನೆ. ಕೊಡು-ಕೊಳ್ಳುವ ವಿಭಾಗ ಬೇರೆ ಇದೆ, ದಯವಿಟ್ಟು ಅಲ್ಲಿ ಹಾಕಿ.

ಕೋಡಿಬಾಗ ಬಾಸ್

ಸೈಕಲ್ ಟ್ಯೂಬ್ ಅಂಟಿಸಿದೆ, ಜಿ ಮೇಲೆ ಎರಡು ಪದರ. ಝರ್ ಮುಕ್ಕಾಲು ಪಾಲು ಹೋಯ್ತು. ಆದ್ರೂ ಜೋರಾಗಿ ಹೊಡೆದ್ರೆ ಎಲ್ಲೋ ಸಣ್ಣ ಶಬ್ದ ಬರ್ತದೆ, ತಂತಿ ಸರಿಯಾಗೇ ನುಡೀತದೆ.

ಕುಮಟಾ ರಿಪೇರಿ

ಕ್ಯಾಪೊಗೂ ನಟ್ಟಿಗೂ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಮಧ್ಯೆ ಉಳಿದ ತುಂಡು ತಂತಿ ಇರ್ತದಲ್ಲ, ಅದು ತನ್ನಷ್ಟಕ್ಕೆ ನುಡೀತಿರಬಹುದು. ಅಲ್ಲಿ ಬೆರಳಿಟ್ಟು ಹೊಡೆದು ನೋಡು. ಶಬ್ದ ನಿಂತ್ರೆ ಕೂದಲಿಗೆ ಕಟ್ಟೋ ಬಟ್ಟೆಯ ರಬ್ಬರ್ ಬ್ಯಾಂಡ್ ಒಂದನ್ನ ಅಲ್ಲಿಗೆ ಸುತ್ತಿಬಿಡು.

ಹೊಸ ಕ್ಯಾಪೊ ಕೊಳ್ಳೋದಾದ್ರೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗುವಾಗ ಬಾಸನ್ನೂ ಹೊತ್ತುಕೊಂಡು ಹೋಗು. ಅಂಗಡಿಯಲ್ಲೇ ಹಾಕಿಸಿ ನಾಲ್ಕೂ ತಂತಿ ಒಂದೊಂದಾಗಿ ಹೊಡೆದು ಕೇಳು. ಫ್ರೆಟ್ ಬೋರ್ಡಿನ ಉಬ್ಬು ಒಂದೊಂದು ಬಾಸಿಗೆ ಒಂದೊಂದು ತರ, ಕ್ಯಾಪೊದ ಪಟ್ಟಿಯ ಬಾಗು ಅದಕ್ಕೆ ಹೊಂದಬೇಕು. ಚಪ್ಪಟೆ ಪಟ್ಟಿಯದ್ದು ಕ್ಲಾಸಿಕಲ್ ಗಿಟಾರಿನದ್ದು, ನಿನ್ನ ಬಾಸಿಗೆ ಅದು ಅಂಚಿನ ತಂತಿಗಳನ್ನ ಬಿಟ್ಟುಬಿಡ್ತದೆ.

ಹೊನ್ನಾವರ ಐದು ತಂತಿ

ನನ್ನದು ಐದು ತಂತಿ, ನಟ್ಟಿನ ಹತ್ತಿರ ಅಗಲ 47 ಮಿ.ಮೀ. ಗಿಟಾರಿನ ಕ್ಯಾಪೊ ಎಟುಕೀತಾ?

ಕುಮಟಾ ರಿಪೇರಿ

2ನೇ ಫ್ರೆಟ್ಟಿಗೆ ಬರುವಷ್ಟರಲ್ಲಿ ಅಗಲ ಇನ್ನೂ ಜಾಸ್ತಿ ಆಗಿರ್ತದೆ. ಸ್ಕೇಲ್ ಇಟ್ಟು ಅಲ್ಲೇ ಅಳತೆ ಮಾಡಿ, ಕ್ಯಾಪೊದ ರಬ್ಬರ್ ಪಟ್ಟಿ ಅದಕ್ಕಿಂತ ಉದ್ದ ಇದ್ರೆ ಮಾತ್ರ ತಗೊಳ್ಳಿ. ಬಿ ತಂತಿ 3 ಮಿ.ಮೀ. ಮೇಲೆ ದಪ್ಪ ಇರ್ತದೆ, ಸ್ಪ್ರಿಂಗಿನದ್ದು ಬೇಡವೇ ಬೇಡ.

ಅಂಕೋಲೆ ಆರ್ಕೆಸ್ಟ್ರಾ

ಐದು ತಂತಿ ಇಟ್ಟುಕೊಂಡು ಮೇಲೆ ಕ್ಯಾಪೊ ಯಾಕೆ ಮಾರಾಯ್ರೆ? ಕೆಳಗಿನ ಬಿ ಬೇಕು ಅಂತಲ್ವಾ ಅದನ್ನ ತಗೊಂಡಿದ್ದು?

ಹೊನ್ನಾವರ ಐದು ತಂತಿ

ಕುತ್ತಿಗೆ ನೋಡೋಕೆ. 🙂